ಜ್ವರದ ವೈರಾಣು ಮತ್ತು ಫಾಸ್ಫೇಟ್ ಮೊಹರು: ನಮ್ಮ ಜೀವಕೋಶದ ಕೆಲಸಗಾರರೇ ವೈರಾಣುವಿಗೆ ನೆರವಾಗುವ ಬಗೆ

ಚಿಂಬಲ್ (ತಿಸ್ವಾಡಿ): ಪಣಜಿಗೆ ಅಂಟಿಕೊಂಡಂತಿರುವ ಚಿಂಬಲ್‌ನ ಇಂದಿರಾನಗರದಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದು ನೆಲೆ ನಿಂತ ಕನ್ನಡ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಮಳೆಗಾಲ ಹಿಡಿಯಿತೆಂದರೆ ಇಲ್ಲಿ ಡೆಂಗ್ಯೂ ಭಯ. 2020 ಮತ್ತು 2021ರಲ್ಲಿ ಗೋವಾ ಆರೋಗ್ಯ ನಿರ್ದೇಶನಾಲಯ ದಿನವೂ ಹೊರಡಿಸುತ್ತಿದ್ದ ಕೋವಿಡ್ ಪಟ್ಟಿಯಲ್ಲಿ ಚಿಂಬಲ್ ಆರೋಗ್ಯ ಕೇಂದ್ರದ ಹೆಸರಿನಲ್ಲೂ ಒಂದು ಸಾಲು ಇರುತ್ತಿತ್ತು. ಗೇರು ಸುಗ್ಗಿಗೆ ಸತ್ತರಿ ತಾಲೂಕಿನ ಕಾಡಂಚಿನ ತೋಟಗಳಿಗೆ ಹೋಗುವವರಿಗೆ ಮಂಗನ ಕಾಯಿಲೆಯ ಅಪಾಯವಿದೆ. ಗಡಿಯಾಚೆ ದೋಡಾಮಾರ್ಗದಲ್ಲಿ ಇದನ್ನೇ ಮಾಕಡತಾಪ ಎನ್ನುತ್ತಾರೆ.

ಡೆಂಗ್ಯೂ, ಕೋವಿಡ್, ಮಂಗನ ಕಾಯಿಲೆ ಈ ಮೂರೂ ಆರ್‌ಎನ್‌ಎ ವೈರಾಣುಗಳಿಂದ ಬರುವ ರೋಗಗಳು. ಜ್ವರ ಬಂದ ಮನೆಯವರು ಕೇಳುವ ಪ್ರಶ್ನೆ ಮಾತ್ರ ಒಂದೇ. ಟೈಫಾಯ್ಡ್‌ಗೆ ಔಷಧ ಇದೆ, ಮಲೇರಿಯಾಕ್ಕೆ ಗುಳಿಗೆ ಇದೆ, ಡೆಂಗ್ಯೂಗೆ ಯಾಕಿಲ್ಲ? ಇಷ್ಟು ಸಣ್ಣ ವೈರಾಣುವನ್ನು ಕೊಲ್ಲುವುದು ಯಾಕಿಷ್ಟು ಕಷ್ಟ?

ವೈರಾಣು ಸಣ್ಣದಾಗಿರುವುದೇ ಕಷ್ಟಕ್ಕೆ ಕಾರಣ. ಅದು ತನ್ನ ಬಳಿ ಹೆಚ್ಚು ಸಾಮಾನು ಇಟ್ಟುಕೊಂಡಿರುವುದಿಲ್ಲ, ಬೇಕಾದ್ದನ್ನು ನಮ್ಮ ಜೀವಕೋಶದಿಂದಲೇ ಪಡೆಯುತ್ತದೆ. ಹಾಗೆ ಪಡೆಯುವವುಗಳಲ್ಲಿ ಒಂದು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ವ್ಯವಸ್ಥೆ. ವಿಜ್ಞಾನದ ಭಾಷೆಯಲ್ಲಿ ಇದಕ್ಕೆ ಫಾಸ್ಫೋರಿಲೇಷನ್ ಎಂದು ಹೆಸರು. ಈ ಬಗ್ಗೆ ಬೆಂಗಳೂರು ಮತ್ತು ಕೋಲ್ಕತ್ತದಲ್ಲಿ ನಡೆದ ಮಹತ್ವದ ಸಂಶೋಧನೆ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ.

ಫಾಸ್ಫೋರಿಲೇಷನ್ ಎಂದರೇನು?

ಫಾಸ್ಫೇಟ್ ಎಂಬ ಹೆಸರು ರೈತರಿಗೆ ಹೊಸದಲ್ಲ. ಡಿಎಪಿ ಗೊಬ್ಬರದ 'ಪಿ' ಎಂದರೆ ಫಾಸ್ಫೇಟ್. ರಂಜಕ ಮತ್ತು ಆಮ್ಲಜನಕ ಸೇರಿ ಆದ ಈ ಪುಟ್ಟ ಗುಂಪು ನಮ್ಮ ಎಲುಬಿನಲ್ಲೂ ಇದೆ, ಪ್ರತಿಯೊಂದು ಜೀವಕೋಶದಲ್ಲೂ ಇದೆ. ಜೀವಕೋಶದಲ್ಲಿ ಶಕ್ತಿಯನ್ನು ಹೊತ್ತು ತಿರುಗುವ ಎಟಿಪಿ ಎಂಬ ಅಣುವಿಗೆ ಮೂರು ಫಾಸ್ಫೇಟ್‌ಗಳ ಬಾಲವಿರುತ್ತದೆ. ಕೈನೇಸ್ ಎಂಬ ಕಿಣ್ವ ಅದರ ತುದಿಯ ಫಾಸ್ಫೇಟ್ ಒಂದನ್ನು ಕಿತ್ತು ಯಾವುದಾದರೂ ಪ್ರೋಟೀನಿನ ಮೇಲೆ ಅಂಟಿಸುತ್ತದೆ. ಪ್ರೋಟೀನಿನಲ್ಲಿ ಸಾಲಾಗಿ ಪೋಣಿಸಿಕೊಂಡಿರುವ ಅಮೈನೋ ಆಮ್ಲಗಳ ಪೈಕಿ ಸೆರೀನ್, ಥ್ರಿಯೋನಿನ್, ಟೈರೋಸಿನ್ ಎಂಬ ಮೂರರ ಮೇಲೆ ಇದು ಮುಖ್ಯವಾಗಿ ಕೂರುತ್ತದೆ. ಅಂಟಿದ್ದನ್ನು ಬಿಡಿಸಲು ಫಾಸ್ಫಟೇಸ್ ಎಂಬ ಬೇರೆ ಕಿಣ್ವಗಳಿವೆ.

ಫಾಸ್ಫೇಟ್‌ಗೆ ಋಣ ವಿದ್ಯುದಂಶ ಇರುವುದರಿಂದ ಅದು ಬಂದು ಕೂತ ಕೂಡಲೇ ಪ್ರೋಟೀನಿನ ಆ ಭಾಗದ ಸೆಳೆತಗಳು ಬದಲಾಗುತ್ತವೆ. ಮಡಿಕೆ ಸಡಿಲವಾಗಬಹುದು ಇಲ್ಲವೇ ಬಿಗಿಯಾಗಬಹುದು. ನಿನ್ನೆ ಹತ್ತಿರ ಸೇರಿಸದಿದ್ದ ಪ್ರೋಟೀನನ್ನು ಇಂದು ಅಪ್ಪಿಕೊಳ್ಳಬಹುದು. ಚೆಕ್‌ಪೋಸ್ಟ್‌ನಲ್ಲಿ ನಿಂತ ಲಾರಿಯನ್ನು ನೆನೆಸಿಕೊಳ್ಳಿ. ಲಾರಿಯೂ ಅದೇ, ಸರಕೂ ಅದೇ, ಆದರೆ ಕಾಗದದ ಮೇಲೆ ಮೊಹರು ಬಿದ್ದರೆ ಗೇಟು ತೆರೆಯುತ್ತದೆ. ಆದರೆ ಜೀವಕೋಶದ ಈ ಮೊಹರನ್ನು ಅಳಿಸಬಹುದು, ಮತ್ತೆ ಒತ್ತಬಹುದು.

ಅಮೆರಿಕದ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ಸ್ನಾಯುಗಳಲ್ಲಿ ಈ ಕ್ರಿಯೆಯನ್ನು ಗುರುತಿಸಿದರು. 1992ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯನ ವಂಶವಾಹಿಗಳಲ್ಲಿ 518 ಬಗೆಯ ಕೈನೇಸ್‌ಗಳಿವೆ ಎಂದು 2002ರಲ್ಲಿ ಲೆಕ್ಕ ಹಾಕಲಾಯಿತು.

ವೈರಾಣುವಿನ ಸಣ್ಣ ಗಂಟು

ನಮ್ಮ ವಂಶವಾಹಿ ಬರಹ ಡಿಎನ್‌ಎಯಲ್ಲಿದ್ದು ಅದರಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಡೆಂಗ್ಯೂ ಮತ್ತು ಮಂಗನ ಕಾಯಿಲೆಯ ವೈರಾಣುಗಳದು ಆರ್‌ಎನ್‌ಎ ಬರಹ, ಅದೂ ಸುಮಾರು 11 ಸಾವಿರ ಅಕ್ಷರ ಮಾತ್ರ. ಡೆಂಗ್ಯೂ ವೈರಾಣು ಅಷ್ಟರಲ್ಲಿ 10 ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆ. ಕೊರೋನಾ ವೈರಾಣು ಈ ಜಾತಿಯಲ್ಲೇ ದೊಡ್ಡದು, ಅದರದ್ದೂ ಸುಮಾರು 30 ಸಾವಿರ ಅಕ್ಷರ.

ಆರ್‌ಎನ್‌ಎ ನೋಡಿ ಆರ್‌ಎನ್‌ಎ ನಕಲು ಮಾಡುವ ಯಂತ್ರವಾದ ಪಾಲಿಮರೇಸ್ ಅನ್ನು ವೈರಾಣು ತಾನೇ ಒದಗಿಸಿಕೊಳ್ಳಬೇಕು, ಯಾಕೆಂದರೆ ಅದಕ್ಕೆ ತಕ್ಕ ಯಂತ್ರ ನಮ್ಮ ಕೋಶದಲ್ಲಿ ಸಿದ್ಧವಾಗಿರುವುದಿಲ್ಲ. ಆದರೆ ಫಾಸ್ಫೇಟ್ ಅಂಟಿಸುವ ಕೈನೇಸ್‌ಗಳನ್ನು ಈ ವೈರಾಣುಗಳು ಹೊತ್ತು ತರುವುದಿಲ್ಲ. 518 ಬಗೆ ನಮ್ಮಲ್ಲೇ ಇರುವಾಗ ಅವುಗಳಿಗೆ ಅದರ ಅಗತ್ಯವೂ ಇಲ್ಲ.

ಹಲವು ಆರ್‌ಎನ್‌ಎ ವೈರಾಣುಗಳಲ್ಲಿ ಒಳಹೊಕ್ಕ ಯಂತ್ರಕ್ಕೆ ಎರಡು ಕೆಲಸ. ಒಂದು, ಪ್ರೋಟೀನು ತಯಾರಿಸಲು ಬೇಕಾದ ತುಂಡು ತುಂಡು ಸಂದೇಶಗಳನ್ನು ಬರೆಯುವುದು. ಇನ್ನೊಂದು, ಮುಂದಿನ ಪೀಳಿಗೆಗಾಗಿ ಇಡೀ ಬರಹವನ್ನು ತುದಿಯಿಂದ ತುದಿಗೆ ನಕಲು ಮಾಡುವುದು. ಮೊದಲನೆಯದನ್ನೇ ಮಾಡುತ್ತ ಕೂತರೆ ಹೊಸ ವೈರಾಣು ಹುಟ್ಟುವುದಿಲ್ಲ. ಎರಡನೆಯದಕ್ಕೆ ಬೇಗ ಹಾರಿದರೆ ನಕಲನ್ನು ಸುತ್ತಿಡಲು ಪ್ರೋಟೀನೇ ಇರುವುದಿಲ್ಲ. ಒಂದೇ ಯಂತ್ರ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು ಯಾವಾಗ, ಹೇಗೆ ಎಂಬುದೇ ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದ ಪ್ರಶ್ನೆ.

ದನದ ದೊಡ್ಡರೋಗ ಮತ್ತು ಬೆಂಗಳೂರಿನ ಪ್ರಯೋಗಾಲಯ

ದನಕರುಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ನಮ್ಮ ಅಜ್ಜಂದಿರ ಕಾಲದಲ್ಲಿ ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಖಾಲಿ ಮಾಡುತ್ತಿತ್ತು. ಲಸಿಕೆಯಿಂದಾಗಿ ಭಾರತದಲ್ಲಿ 1995ರ ನಂತರ ಅದು ಕಾಣಿಸಿಕೊಂಡಿಲ್ಲ. 2011ರಲ್ಲಿ ಇಡೀ ಜಗತ್ತೇ ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಭೂಮಿಯಿಂದ ಹೀಗೆ ಅಳಿಸಿದ ರೋಗ ಇದೊಂದೇ. ಮಕ್ಕಳ ದಡಾರ ಮತ್ತು ಆಡು ಕುರಿಗಳ ಪಿಪಿಆರ್ ರೋಗದ ವೈರಾಣುಗಳು ಇದರ ಹತ್ತಿರದ ಸಂಬಂಧಿಗಳು.

ಈ ವೈರಾಣುವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಂ.ಎಸ್. ಶೈಲಾ ಅವರ ತಂಡ ಹಲವು ವರ್ಷ ಅಧ್ಯಯನ ಮಾಡಿತು. ಅವರ ಗಮನ ಹೋದದ್ದು ಪಿ ಎಂಬ ಪ್ರೋಟೀನಿನ ಮೇಲೆ. ಈ ವೈರಾಣುವಿನ ಆರ್‌ಎನ್‌ಎ ಬೆತ್ತಲೆಯಾಗಿರುವುದಿಲ್ಲ, ಎನ್ ಎಂಬ ಪ್ರೋಟೀನು ಅದನ್ನು ಉದ್ದಕ್ಕೂ ಸುತ್ತಿಕೊಂಡಿರುತ್ತದೆ. ನಕಲು ಯಂತ್ರದ ಹೆಸರು ಎಲ್. ಆ ಯಂತ್ರ ಸುತ್ತಿದ ಆರ್‌ಎನ್‌ಎ ಮೇಲೆ ಕೂರಲು ನಡುವೆ ಪಿ ಬೇಕು. ನೊಗಕ್ಕೂ ನೇಗಿಲಿಗೂ ನಡುವಿನ ಈಸು ಇದ್ದಂತೆ.

ಪಿ ಎಂದರೆ ಫಾಸ್ಫೋಪ್ರೋಟೀನ್, ಅದರ ಹೆಸರಲ್ಲೇ ಫಾಸ್ಫೇಟ್ ಇದೆ. ನಮ್ಮ ಕೋಶದ ಕೇಸಿನ್ ಕೈನೇಸ್ 2 ಎಂಬ ಕಿಣ್ವ ಪಿ ಮೇಲೆ ಫಾಸ್ಫೇಟ್ ಅಂಟಿಸುತ್ತದೆ, ಹಾಗೆ ಅಂಟಿಸದೆ ಹೋದರೆ ವೈರಾಣುವಿನ ಬರಹದ ಕೆಲಸದಲ್ಲಿ ಪಿ ತನ್ನ ಪಾತ್ರ ವಹಿಸಲಾರದು ಎಂದು ಈ ತಂಡ 2004ರಲ್ಲಿ ಪ್ರಕಟಿಸಿತು. ಪಿ ಮೇಲಿನ ಫಾಸ್ಫೇಟ್‌ನ ಸ್ಥಿತಿ ಸಂದೇಶ ಬರೆಯುವುದನ್ನೂ ಇಡೀ ನಕಲು ತೆಗೆಯುವುದನ್ನೂ ಏರಿಳಿಸುತ್ತದೆ ಎಂಬುದನ್ನು 2008ರಲ್ಲಿ ತೋರಿಸಿತು.

ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಉಪಾಯ ಸರಳವಾಗಿದೆ. ಪಿ ಪ್ರೋಟೀನನ್ನು ಬ್ಯಾಕ್ಟೀರಿಯಾದೊಳಗೆ ತಯಾರಿಸುತ್ತಾರೆ. ಬ್ಯಾಕ್ಟೀರಿಯಾದಲ್ಲಿ ಕೇಸಿನ್ ಕೈನೇಸ್ 2 ಇಲ್ಲವಾದ್ದರಿಂದ ಫಾಸ್ಫೇಟ್ ಇಲ್ಲದ ಪಿ ಸಿಗುತ್ತದೆ. ಅದರ ಒಂದು ಪಾಲಿಗೆ ಕೊಳವೆಯಲ್ಲಿ ಆ ಕಿಣ್ವ ಮತ್ತು ಎಟಿಪಿ ಸೇರಿಸಿ ಮೊಹರು ಒತ್ತಿಸಿ, ಎರಡನ್ನೂ ಹೋಲಿಸುತ್ತಾರೆ. ಫಾಸ್ಫೇಟ್ ಕೂರುವ ಸೆರೀನ್ ಜಾಗದಲ್ಲಿ ಬೇರೆ ಅಮೈನೋ ಆಮ್ಲ ಇಟ್ಟು, ಮೊಹರು ಬೀಳಲು ಜಾಗವೇ ಇಲ್ಲದಂತೆ ಮಾಡಿಯೂ ನೋಡುತ್ತಾರೆ.

ಇದೇ ಹಾದಿಯಲ್ಲಿ ಮೊದಲು ನಡೆದವರು ಅಮೆರಿಕದಲ್ಲಿದ್ದ ಅಮಿಯ ಬ್ಯಾನರ್ಜಿ ಮತ್ತು ಶೈಲೇನ್ ಬಾರಿಕ್. ಜಾನುವಾರುಗಳ ಬಾಯಿ ಹುಣ್ಣಿಗೆ ಕಾರಣವಾಗುವ ವೆಸಿಕ್ಯುಲರ್ ಸ್ಟೊಮಟೈಟಿಸ್ ವೈರಾಣುವಿನಲ್ಲಿ ಕೇಸಿನ್ ಕೈನೇಸ್ 2ರ ಫಾಸ್ಫೇಟ್ ಇಲ್ಲದೆ ಸಂದೇಶ ಬರಹ ನಡೆಯುವುದಿಲ್ಲ ಎಂದು ಅವರು 1992ರಲ್ಲಿ ತೋರಿಸಿದ್ದರು.

ಚಂಡೀಪುರದ ಒಂದು ಸೆರೀನ್

ನಾಗಪುರ ಸಮೀಪದ ಚಂಡೀಪುರ ಎಂಬ ಊರಿನ ಹೆಸರು ಹೊತ್ತ ವೈರಾಣುವನ್ನು 1965ರಲ್ಲಿ ಪುಣೆಯ ವಿಜ್ಞಾನಿಗಳು ಗುರುತಿಸಿದರು. ಮರಳು ನೊಣದಿಂದ ಹರಡುವ ಇದು ಮಕ್ಕಳಿಗೆ ಮಿದುಳು ಜ್ವರ ತರುತ್ತದೆ. 2003ರಲ್ಲಿ ಆಂಧ್ರಪ್ರದೇಶದಲ್ಲಿ 329 ಮಕ್ಕಳು ಬಾಧಿತರಾಗಿ 183 ಮಕ್ಕಳು ತೀರಿಕೊಂಡ ಪ್ರಕರಣದ ಹಿಂದೆ ಈ ವೈರಾಣು ಇತ್ತು. 2024ರ ಮಳೆಗಾಲದಲ್ಲಿ ಗುಜರಾತಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಇದಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ.

ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಧ್ರುಬಜ್ಯೋತಿ ಚಟ್ಟೋಪಾಧ್ಯಾಯ ಅವರ ತಂಡ ಈ ವೈರಾಣುವಿನ ಪಿ ಪ್ರೋಟೀನನ್ನು ಕೈಗೆತ್ತಿಕೊಂಡಿತು. ಒಂದೇ ಒಂದು ಸೆರೀನ್, 62ನೇ ಸ್ಥಾನದ್ದು, ಫಾಸ್ಫೇಟ್ ಪಡೆದರೆ ಸಾಕು, ಸಂದೇಶ ಬರಹ ಚುರುಕಾಗುತ್ತದೆ ಎಂದು ತಂಡ 1997ರಲ್ಲಿ ಹೇಳಿತು. 2003ರ ಅಧ್ಯಯನದಲ್ಲಿ ಬೆಂಗಳೂರಿನ ಶೈಲಾ ಅವರೂ ಜೊತೆಗಿದ್ದರು. ಅದರಲ್ಲಿ ತಿಳಿದದ್ದು ಇನ್ನೂ ಕುತೂಹಲಕಾರಿ. ವೈರಾಣು ಬರಹದ ಶುರುವಿನಲ್ಲಿ 'ಲೀಡರ್' ಎಂಬ ಒಂದು ಚಿಕ್ಕ ತುಂಡು ಇರುತ್ತದೆ. ಫಾಸ್ಫೇಟ್ ಇಲ್ಲದ ಪಿ ಈ ತುಂಡನ್ನು ಹಿಡಿದುಕೊಳ್ಳುತ್ತದೆ, ಫಾಸ್ಫೇಟ್ ಇರುವ ಪಿ ಹಿಡಿಯುವುದಿಲ್ಲ. ಲೀಡರ್ ಮುಗಿದಲ್ಲಿ ನಿಂತು ಸಂದೇಶಗಳನ್ನು ಬರೆಯಲು ತೊಡಗಬೇಕಾದ ಯಂತ್ರ, ಫಾಸ್ಫೇಟ್ ಇಲ್ಲದ ಪಿ ಲೀಡರನ್ನು ಹಿಡಿದಾಗ ನಿಲ್ಲದೆ ಮುಂದೆ ಹೋಗಿ ಇಡೀ ಬರಹವನ್ನೇ ನಕಲು ಮಾಡಬಹುದು ಎಂಬುದು ಅವರ ವಿವರಣೆ. ಅಂದರೆ ಫಾಸ್ಫೇಟ್ ಇದ್ದರೆ ಸಂದೇಶ, ಇಲ್ಲದಿದ್ದರೆ ಪೂರ್ತಿ ನಕಲು.

ಇದನ್ನೇ ಎಲ್ಲ ವೈರಾಣುಗಳ ನಿಯಮವೆಂದು ತಿಳಿಯಬಾರದು. ವೆಸಿಕ್ಯುಲರ್ ಸ್ಟೊಮಟೈಟಿಸ್ ವೈರಾಣುವಿನಲ್ಲೇ ಪಿ ಪ್ರೋಟೀನಿನ ಒಂದು ತುದಿಯ ಫಾಸ್ಫೇಟ್ ಸಂದೇಶ ಬರಹಕ್ಕೆ ಬೇಕು, ಇನ್ನೊಂದು ತುದಿಯದು ನಕಲಿಗೆ ಬೇಕು ಎಂದು 1999ರಲ್ಲಿ ಕಂಡುಬಂತು. ದೊಡ್ಡರೋಗದ ದೂರದ ನೆಂಟನಾದ ಸೆಂಡಾಯ್ ವೈರಾಣುವಿನ ಪಿ ಯಲ್ಲಿ ಮುಖ್ಯ ಫಾಸ್ಫೇಟ್ ತಾಣವನ್ನೇ ತೆಗೆದರೂ ಅದು ಸೊಗಸಾಗಿ ಬೆಳೆಯಿತು. ಎಷ್ಟು ಫಾಸ್ಫೇಟ್ ಎನ್ನುವುದಕ್ಕಿಂತ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಎನ್ನುವುದು ಮುಖ್ಯ.

ಕೋವಿಡ್ ವೈರಾಣುವಿನಲ್ಲಿ ಕಂಡದ್ದು

ಕೊರೋನಾ ವೈರಾಣುವಿನಲ್ಲೂ ಆರ್‌ಎನ್‌ಎಯನ್ನು ಹೊದೆಸುವ ಎನ್ ಪ್ರೋಟೀನ್ ಇದೆ. ಆಂಟಿಜೆನ್ ಕಿಟ್‌ಗಳಲ್ಲಿ ಹೆಚ್ಚಿನವು ಹುಡುಕುವುದು ಇದನ್ನೇ. ಇದರ ನಡುಭಾಗದಲ್ಲಿ ಸೆರೀನ್‌ಗಳು ಒತ್ತೊತ್ತಾಗಿವೆ. ಕೋಶದೊಳಗೆ ಎಸ್‌ಆರ್‌ಪಿಕೆ, ಜಿಎಸ್‌ಕೆ-3 ಮುಂತಾದ ನಮ್ಮ ಕೈನೇಸ್‌ಗಳು ಒಂದರ ಹಿಂದೆ ಒಂದರಂತೆ ಬಂದು ಅಲ್ಲಿ ಫಾಸ್ಫೇಟ್ ಅಂಟಿಸುತ್ತವೆ. ಮೈತುಂಬ ಫಾಸ್ಫೇಟ್ ಇರುವ ಎನ್ ಸಡಿಲವಾಗಿದ್ದು ಆರ್‌ಎನ್‌ಎ ತಯಾರಿಕೆಗೆ ನೆರವಾಗುತ್ತದೆ. ಫಾಸ್ಫೇಟ್ ಇಲ್ಲದ ಎನ್ ಗಟ್ಟಿಯಾಗಿ ಸುತ್ತಿಕೊಂಡು ಹೊಸ ವೈರಾಣುವಿನೊಳಗೆ ಬರಹವನ್ನು ತುಂಬುತ್ತದೆ. ಕಣದಲ್ಲಿ ರಾಶಿ ಹರವಿರುವುದಕ್ಕೂ ಚೀಲಕ್ಕೆ ತುಂಬಿ ಹೊಲಿಯುವುದಕ್ಕೂ ಇರುವ ವ್ಯತ್ಯಾಸ ಇದು.

2020ರಲ್ಲಿ ಕ್ಯಾಲಿಫೋರ್ನಿಯಾದ ನೆವನ್ ಕ್ರೋಗನ್ ಅವರ ನೇತೃತ್ವದ ಅಧ್ಯಯನವೊಂದು ಸೋಂಕು ತಗಲಿದ ಕೋಶಗಳಲ್ಲಿ ಎಲ್ಲೆಲ್ಲಿ ಫಾಸ್ಫೇಟ್ ಬದಲಾಯಿತು ಎಂದು ಒಟ್ಟಿಗೆ ಎಣಿಸಿತು. 518 ಕೈನೇಸ್‌ಗಳಲ್ಲಿ 49ರ ಚಟುವಟಿಕೆಯನ್ನು ವೈರಾಣು ಏರುಪೇರು ಮಾಡಿತ್ತು. ಮೇಲೆ ಹೇಳಿದ ಕೇಸಿನ್ ಕೈನೇಸ್ 2 ಇಲ್ಲೂ ಇತ್ತು. ಅದು ಚುರುಕಾದ ಕೋಶಗಳು ಬೆರಳಿನಂಥ ಚಾಚುಗಳನ್ನು ಹೊರಗೆ ಚಾಚಿದ್ದವು, ಅವುಗಳಲ್ಲಿ ವೈರಾಣು ಕಾಣಿಸಿತು. ಆಲ್ಫಾ ಮತ್ತು ಓಮಿಕ್ರಾನ್ ತಳಿಗಳ ಎನ್ ಪ್ರೋಟೀನಿನ 203 ಮತ್ತು 204ನೇ ಸ್ಥಾನದ ಬದಲಾವಣೆ ಅದರ ಮೇಲಿನ ಫಾಸ್ಫೇಟನ್ನು ಹೆಚ್ಚಿಸುತ್ತದೆ ಎಂದೂ ನಂತರ ಗೊತ್ತಾಯಿತು.

ಡೆಂಗ್ಯೂ ವೈರಾಣುವಿನ ನಕಲು ಯಂತ್ರದ ಹೆಸರು ಎನ್‌ಎಸ್5. ಕಡಿಮೆ ಫಾಸ್ಫೇಟ್ ಇರುವ ಎನ್‌ಎಸ್5 ತನ್ನ ಜೊತೆಗಾರ ಎನ್‌ಎಸ್3 ಜೊತೆ ಸೇರಿ ಕೆಲಸ ಮಾಡುತ್ತದೆ, ಹೆಚ್ಚು ಫಾಸ್ಫೇಟ್ ಹತ್ತಿದ್ದು ಅದನ್ನು ಬಿಟ್ಟು ಕೋಶಕೇಂದ್ರಕ್ಕೆ ಹೋಗುತ್ತದೆ ಎಂದು 1995ರಲ್ಲಿ ವರದಿಯಾಗಿತ್ತು.

ಕಾವಲುಗಾರನ ಕೈಯಲ್ಲೂ ಅದೇ ಮೊಹರು

ವೈರಾಣುವನ್ನು ತಡೆಯುವ ನಮ್ಮ ದೇಹದ ವ್ಯವಸ್ಥೆಯೂ ಫಾಸ್ಫೇಟ್ ಮೇಲೆಯೇ ನಿಂತಿದೆ. ಕೋಶದೊಳಗೆ ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಪಿಕೆಆರ್ ಎಂಬ ಕೈನೇಸ್ ಎಚ್ಚೆತ್ತು, ಪ್ರೋಟೀನು ತಯಾರಿಕೆಯನ್ನು ಆರಂಭಿಸುವ ಒಂದು ಮುಖ್ಯ ಅಂಶಕ್ಕೆ ಫಾಸ್ಫೇಟ್ ಅಂಟಿಸಿ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಕೋಶಕ್ಕೂ ನಷ್ಟ, ವೈರಾಣುವಿಗೂ ನಷ್ಟ. ಪಕ್ಕದ ಕೋಶಗಳಿಗೆ ಇಂಟರ್‌ಫೆರಾನ್ ಮೂಲಕ ಎಚ್ಚರಿಕೆ ಹೋದಾಗ, ಅಲ್ಲಿ ಜಾಕ್ ಎಂಬ ಕೈನೇಸ್‌ಗಳು ಸ್ಟ್ಯಾಟ್ ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಕೊಡುತ್ತವೆ. ಸ್ಟ್ಯಾಟ್ ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಯ ವಂಶವಾಹಿಗಳನ್ನು ಎಬ್ಬಿಸುತ್ತದೆ.

ಮಂಗನ ಕಾಯಿಲೆಯ ವಿಷಯ ಬರುವುದು ಇಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ 2015ರಲ್ಲಿ ಗೋವಾದ ಸತ್ತರಿ ತಾಲೂಕಿನ ಪಾಳಿ ಗ್ರಾಮದಲ್ಲಿ, 2016ರಲ್ಲಿ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ ತಾಲೂಕಿನಲ್ಲಿ ಕಾಣಿಸಿಕೊಂಡಿತು. ಅದೇ 2016ರಲ್ಲಿ ಗೋವಾದ ಗೇರು ತೋಟಗಳಲ್ಲಿ ದುಡಿದು ಮರಳಿದ ಬೆಳಗಾವಿ ಜಿಲ್ಲೆಯ ಕೂಲಿಕಾರರಲ್ಲೂ ದೃಢಪಟ್ಟಿತು. ಉಣ್ಣೆಗೆ ರಾಜ್ಯದ ಗಡಿ ಗೊತ್ತಿಲ್ಲ ನೋಡಿ. ಈ ವೈರಾಣುವಿನ ನಕಲು ಯಂತ್ರವಾದ ಎನ್‌ಎಸ್5 ಇಂಟರ್‌ಫೆರಾನ್ ವ್ಯವಸ್ಥೆಯನ್ನು ಕುಂದಿಸುತ್ತದೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಉಣ್ಣೆಯಿಂದಲೇ ಹರಡುವ ಅದರ ಸಂಬಂಧಿ ಲಂಗಟ್ ವೈರಾಣುವಿನಲ್ಲಿ, ಸ್ಟ್ಯಾಟ್‌ಗೆ ಫಾಸ್ಫೇಟ್ ಬೀಳುವುದನ್ನೇ ಎನ್‌ಎಸ್5 ತಡೆಯುತ್ತದೆ ಎಂಬುದು 2005ರಲ್ಲೇ ತಿಳಿದಿತ್ತು. ಈ ಬಗೆಯ ವೈರಾಣುಗಳು ಬೇಕಾದಲ್ಲಿ ಮೊಹರು ಒತ್ತಿಸಿಕೊಳ್ಳುತ್ತವೆ, ಬೇಡವಾದಲ್ಲಿ ಒತ್ತಲು ಬಿಡುವುದಿಲ್ಲ!

ಹಾಗಾದರೆ ಔಷಧ?

ಕೈನೇಸ್‌ಗಳನ್ನು ತಡೆಯುವ ಗುಳಿಗೆಗಳು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಹಳ ವರ್ಷಗಳಿಂದ ಇವೆ. ಅವುಗಳನ್ನೇ ವೈರಾಣುವಿನ ಮೇಲೆ ತಿರುಗಿಸಬಹುದಲ್ಲವೇ ಎಂಬ ಯೋಚನೆ ಸಹಜ. ವೈರಾಣು ದಿನಕ್ಕೊಂದು ರೂಪ ತಾಳಬಹುದು, ನಮ್ಮ ಕೈನೇಸ್ ಹಾಗೆ ಬದಲಾಗುವುದಿಲ್ಲವಾದ್ದರಿಂದ ಔಷಧಕ್ಕೆ ವೈರಾಣು ಒಗ್ಗಿಕೊಳ್ಳುವುದು ಕಷ್ಟ ಎಂಬುದು ಇದರ ಲಾಭ. ಸುನಿಟಿನಿಬ್ ಮತ್ತು ಎರ್ಲೊಟಿನಿಬ್ ಎಂಬ ಎರಡು ಕ್ಯಾನ್ಸರ್ ಔಷಧಗಳ ಜೋಡಿ ಇಲಿಗಳನ್ನು ಡೆಂಗ್ಯೂ ಮತ್ತು ಎಬೋಲಾದಿಂದ ಕಾಪಾಡಿತೆಂದು 2017ರಲ್ಲಿ ವರದಿಯಾಯಿತು. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಜಿಎಸ್‌ಕೆ-3 ಅನ್ನು ತಡೆಯುತ್ತದೆ. ಅದನ್ನು ಸೇವಿಸುತ್ತಿದ್ದವರಲ್ಲಿ ಕೋವಿಡ್ ಕಡಿಮೆ ಇತ್ತೆಂದು ಅಮೆರಿಕದ ಆಸ್ಪತ್ರೆ ದಾಖಲೆಗಳನ್ನು ನೋಡಿದ 2021ರ ಅಧ್ಯಯನ ಹೇಳಿತು. ದಾಖಲೆಯಲ್ಲಿ ಕಂಡದ್ದು ಚಿಕಿತ್ಸೆ ಆಗುವುದಿಲ್ಲ. ಲಿಥಿಯಂ ಪ್ರಮಾಣ ತುಸು ಹೆಚ್ಚಾದರೂ ವಿಷ.

ಆಸ್ಪತ್ರೆಯವರೆಗೆ ಬಂದದ್ದು ಬಾರಿಸಿಟಿನಿಬ್. ಕೀಲುವಾತಕ್ಕೆ ಬಳಸುವ, ಜಾಕ್ ಕೈನೇಸನ್ನು ತಡೆಯುವ ಗುಳಿಗೆ ಇದು. ವೈರಾಣು ಕೋಶದೊಳಗೆ ನುಗ್ಗಲು ನೆರವಾಗುವ ಇನ್ನೊಂದು ಕೈನೇಸನ್ನೂ ಇದು ತಡೆಯಬಹುದು ಎಂದು 2020ರ ಫೆಬ್ರುವರಿಯಲ್ಲಿ ಕಂಪ್ಯೂಟರ್ ಸಹಾಯದಿಂದ ಊಹಿಸಲಾಗಿತ್ತು. ಭಾರತದಲ್ಲಿ 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ನಡುವೆ, ಇದಕ್ಕೆ ತುರ್ತು ಅನುಮತಿ ದೊರೆಯಿತು. ಆದರೆ ತೀವ್ರ ಕೋವಿಡ್‌ನಲ್ಲಿ ಇದು ಜೀವ ಉಳಿಸಿದ್ದು ಮುಖ್ಯವಾಗಿ ದೇಹದ ಮಿತಿಮೀರಿದ ಉರಿಯೂತವನ್ನು ತಣಿಸಿದ್ದರಿಂದ. ಕಾವಲುಗಾರನ ಕೈ ಕಟ್ಟುವ ಔಷಧವಾದ್ದರಿಂದ ಸಾದಾ ಜ್ವರದಲ್ಲಿ, ಅದೂ ಆರಂಭದ ದಿನಗಳಲ್ಲಿ, ಇದು ತಿರುಗುಬಾಣವಾದೀತು.

ತೊಡಕು ಇಲ್ಲೇ ಇದೆ. ಟೈಫಾಯ್ಡ್ ರೋಗಾಣುವಿಗೆ ನಮ್ಮಲ್ಲಿಲ್ಲದ ಭಾಗಗಳಿವೆ, ಆ್ಯಂಟಿಬಯಾಟಿಕ್ ಅವುಗಳನ್ನು ಹೊಡೆಯುತ್ತದೆ. ವೈರಾಣು ಬಳಸುವ ಕೈನೇಸ್ ನಮ್ಮದೇ. ಕೇಸಿನ್ ಕೈನೇಸ್ 2 ಇಲ್ಲದೆ ನಮ್ಮ ಕೋಶವೂ ಬದುಕದು. ಆದ್ದರಿಂದ ವೈರಾಣುವಿನದೇ ಪ್ರೋಟೀನುಗಳನ್ನು ಹಿಡಿಯುವ ಔಷಧಗಳತ್ತಲೂ ಕಂಪನಿಗಳು ನೋಡುತ್ತಿವೆ. ಡೆಂಗ್ಯೂವಿನ ಎನ್‌ಎಸ್3 ಮತ್ತು ಎನ್‌ಎಸ್4ಬಿ ಪ್ರೋಟೀನುಗಳ ಜೋಡಣೆ ತಪ್ಪಿಸುವ ಮೊಸ್ನೋಡೆನ್ವಿರ್ ಆಶಾದಾಯಕವಾಗಿತ್ತು. ಅದರ ಪರೀಕ್ಷೆಯನ್ನು ತಯಾರಕರು 2024ರಲ್ಲಿ ನಿಲ್ಲಿಸಿದರು.

ಮಳೆಗಾಲದಲ್ಲಿ ಜ್ವರ ಬಂದವರು ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದರಿಂದ ವೈರಾಣುವಿಗೆ ಏನೂ ಆಗುವುದಿಲ್ಲ. ಡೆಂಗ್ಯೂ ಶಂಕೆ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮತ್ತು ಸಾಕಷ್ಟು ನೀರು, ಗಂಜಿ. ಎನ್‌ಎಸ್1 ರಕ್ತ ಪರೀಕ್ಷೆ ಮೊದಲ ಐದು ದಿನಗಳೊಳಗೆ ಮಾಡಿಸಿದರೆ ಹೆಚ್ಚು ಉಪಯುಕ್ತ. ಹೊಟ್ಟೆ ನೋವು, ಎಡೆಬಿಡದ ವಾಂತಿ, ವಸಡಿನಿಂದ ರಕ್ತ, ಮಂಕು ಕಂಡರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಡಿಸೆಂಬರ್‌ನಿಂದ ಮೇವರೆಗೆ ಸತ್ತರಿ, ದೋಡಾಮಾರ್ಗ, ಖಾನಾಪುರ ಕಡೆಯ ಕಾಡು ತೋಟಗಳಲ್ಲಿ ದುಡಿದು ಬಂದವರು ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಕೇಳದಿದ್ದರೂ ಹೇಳಬೇಕು, ಯಾಕೆಂದರೆ ಮಂಗನ ಕಾಯಿಲೆಯ ಪರೀಕ್ಷೆಯೇ ಬೇರೆ.